ಲ್ಯಾಪ್‌ಟಾಪ್ ಪರದೆಯಲ್ಲಿ ಒಂದು ಚುಕ್ಕೆ ಸತ್ತಿದೆ: ಪ್ಯಾನೆಲ್ ಬದಲಾಯಿಸಲಾ, ಹಾಗೇ ಬಿಡಲಾ?

ಆಲ್ಬಮ್_ಮಂಡ್ಯ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದಲ್ಲಿ ಮದುವೆ ಆಲ್ಬಮ್ ಡಿಸೈನ್ ಮಾಡುತ್ತೇನೆ. ಫೋಟೋಗ್ರಾಫರ್‌ಗಳು ಫೋಟೋ ತಂದುಕೊಡುತ್ತಾರೆ. ನಾನು ಪುಟ ಜೋಡಿಸಿ, ಬಣ್ಣ ಸರಿಮಾಡಿ, ಮೈಸೂರಿನ ಲ್ಯಾಬ್‌ಗೆ ಕಳಿಸುತ್ತೇನೆ. ಇಡೀ ಕೆಲಸ ಒಂದೇ ಲ್ಯಾಪ್‌ಟಾಪ್‌ನಲ್ಲಿ. 15.6 ಇಂಚಿನ ಪರದೆ, ಫುಲ್ ಎಚ್‌ಡಿ. ವಾರಂಟಿ ಇನ್ನೂ ಸ್ವಲ್ಪ ತಿಂಗಳು ಇದೆ.

ಈಚೆಗೆ ಪರದೆಯ ನಡುವೆ, ಸ್ವಲ್ಪ ಎಡಕ್ಕೆ, ಒಂದು ಕಪ್ಪು ಚುಕ್ಕೆ ಕಾಣಿಸಿಕೊಂಡಿದೆ. ಬೇರೆ ಎಲ್ಲಾದರೂ ಆಗಿದ್ದರೆ ಸುಮ್ಮನಿರುತ್ತಿದ್ದೆ. ಸರಿಯಾಗಿ ಮುಖ ಬರುವ ಜಾಗದಲ್ಲೇ ಕೂತಿದೆ. ಗುಂಪು ಫೋಟೋ ತೆರೆದರೆ ಹೆಣ್ಣಿನ ಕೆನ್ನೆಯ ಮೇಲೆ ಇರುವುದು ದೃಷ್ಟಿಬೊಟ್ಟೋ, ಪರದೆಯ ಚುಕ್ಕೆಯೋ ಅಂತ ಪ್ರತಿ ಸಲ ಫೋಟೋ ಆಚೀಚೆ ಸರಿಸಿ ನೋಡಬೇಕು. ಚರ್ಮದ ಕಲೆ ತೆಗೆಯುವ ಕೆಲಸ ಮಾಡುವವರಿಗೆ ಇದು ಎಂಥ ತಲೆನೋವು ಅಂತ ಗೊತ್ತಿರುತ್ತದೆ.

ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದೆ. ಒಂದೇ ಚುಕ್ಕೆಗೆ ಡಿಸ್‌ಪ್ಲೇ ಬದಲಾಯಿಸಲು ನಿಯಮ ಇಲ್ಲ ಅಂದರು. ಇಲ್ಲೇ ಒಂದು ಅಂಗಡಿಯಲ್ಲಿ ಕೇಳಿದೆ. 5,500 ರೂಪಾಯಿಗೆ ಹೊಸ ಪ್ಯಾನೆಲ್ ಹಾಕಿ, ಕೂತಿದ್ದಂತೆಯೇ ಕೊಡುತ್ತೇವೆ ಅನ್ನುತ್ತಾರೆ.

ಈಗ ಆಷಾಢ, ಕೆಲಸ ಕಡಿಮೆ. ಶ್ರಾವಣ ಬಂದರೆ ಲ್ಯಾಪ್‌ಟಾಪ್ ಒಂದು ದಿನವೂ ಕೈ ಬಿಡುವಂತಿಲ್ಲ. ಮಾಡಿಸುವುದಾದರೆ ಈಗಲೇ ಮಾಡಿಸಬೇಕು. ಅನುಭವ ಇರುವವರು ದಯವಿಟ್ಟು ಹೇಳಿ.

ಕಬ್ಬಿನ_ಗದ್ದೆ

ಬಿಟ್ಟುಬಿಡಿ ಅಣ್ಣ. ನನ್ನ ಟಿವಿಯಲ್ಲೂ ಒಂದಿದೆ. ಕೆಲವು ದಿನ ಕಣ್ಣು ಅಲ್ಲೇ ಹೋಗುತ್ತದೆ, ಆಮೇಲೆ ಮರೆತೇ ಹೋಗುತ್ತದೆ. 5,500 ರೂಪಾಯಿ ಸುಮ್ನೆ ಬರುವ ದುಡ್ಡಲ್ಲ.

ಬೆಸುಗೆ_ಮೈಸೂರು

ಆಲ್ಬಮ್ ಅಣ್ಣ, ನಾನು ಮೈಸೂರಿನಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತೇನೆ. ಬದಲಾಯಿಸಬೇಕಾ ಬೇಡ್ವಾ ಅನ್ನುವುದು ಆಮೇಲೆ. ಮೊದಲು ಅದು ಏನು ಅಂತ ಗೊತ್ತಾಗಲಿ. ಪಿಕ್ಸೆಲ್ ಅಂದರೆ ಪರದೆಯ ಚಿತ್ರ ಮೂಡಿಸುವ ಒಂದೊಂದು ಸಣ್ಣ ಚುಕ್ಕೆ. ‘ಡೆಡ್ ಪಿಕ್ಸೆಲ್’ ಅಂತ ಹೇಳಿಕೊಂಡು ಬರುವ ಎಲ್ಲವೂ ಡೆಡ್ ಪಿಕ್ಸೆಲ್ ಆಗಿರುವುದಿಲ್ಲ.

ಲ್ಯಾಪ್‌ಟಾಪ್ ಆರಿಸಿ, ತಣ್ಣಗಾದ ಮೇಲೆ, ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯನ್ನು ನೀರಿನಲ್ಲಿ ಬರೀ ಪಸೆಯಾಗುವಷ್ಟು ಒದ್ದೆ ಮಾಡಿ ಒರೆಸಿ. ನೀರನ್ನು ಪರದೆಗೆ ನೇರವಾಗಿ ಚಿಮುಕಿಸಬೇಡಿ. ಕೆಳಗೆ ಇಳಿದು ಅಂಚಿನೊಳಗೆ ಹೋದರೆ ಪ್ಯಾನೆಲ್ಲೇ ಹೋಗುತ್ತದೆ. ಆಯುಧಪೂಜೆ ಆದ ಮೇಲೆ ನಮ್ಮ ಅಂಗಡಿಗೆ ಬರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಚುಕ್ಕೆ ಅಂತ ತೋರಿಸುವುದು ಕುಂಕುಮದ ಪುಡಿ ಆಗಿರುತ್ತದೆ. ಅದು ಒರೆಸಿದರೆ ಹೋಗುತ್ತದೆ. ಆದರೆ ಗಂಧದ ನೀರು ಅಂಚಿನಿಂದ ಒಳಗೆ ಇಳಿದಿದ್ದರೆ ಹೋಗುವುದಿಲ್ಲ. ದಯವಿಟ್ಟು ಈ ಸಲ ಪೂಜೆಗೆ ಲ್ಯಾಪ್‌ಟಾಪ್ ಮುಚ್ಚಿಟ್ಟು, ಮೇಲೆ ಹೂವು ಮಾತ್ರ ಇಡಿ.

ಒರೆಸಿದ ಮೇಲೂ ಇದ್ದರೆ ಒಂದು ಸ್ಕ್ರೀನ್‌ಶಾಟ್ ತೆಗೆದು ಫೋನಿಗೆ ಕಳಿಸಿಕೊಂಡು ನೋಡಿ. ಫೋನಿನಲ್ಲೂ ಅದೇ ಜಾಗದಲ್ಲಿ ಚುಕ್ಕೆ ಕಂಡರೆ ತಪ್ಪು ಪರದೆಯದ್ದಲ್ಲ, ಸಾಫ್ಟ್‌ವೇರ್ ಅಥವಾ ಗ್ರಾಫಿಕ್ಸ್ ಕಡೆಯದ್ದು. ಕಾಣದಿದ್ದರೆ ಪ್ಯಾನೆಲ್‌ದು.

ಆಮೇಲೆ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ, ಹೀಗೆ ಒಂದೊಂದೇ ಬಣ್ಣವನ್ನು ಪೂರ್ತಿ ಪರದೆ ತುಂಬುವ ಹಾಗೆ ಹಾಕಿ. ನಿಮ್ಮ ಡಿಸೈನ್ ಸಾಫ್ಟ್‌ವೇರ್‌ನಲ್ಲೇ ಐದು ಖಾಲಿ ಪುಟ ಮಾಡಿಕೊಂಡರೆ ಸಾಕು. ಒಂದೊಂದು ಬಣ್ಣದಲ್ಲೂ ಆ ಚುಕ್ಕೆ ಹೇಗೆ ಕಾಣುತ್ತದೆ ಅಂತ ಬರೆದು ಇಲ್ಲಿ ಹಾಕಿ. ಕೈಬೆರಳಿನಲ್ಲಿ ಒತ್ತಿ ನೋಡುವುದು, ಪೆನ್ನಿನ ತುದಿಯಲ್ಲಿ ಉಜ್ಜುವುದು ಮಾಡಲೇಬೇಡಿ.

ಆಲ್ಬಮ್_ಮಂಡ್ಯ

ತುಂಬ ಥ್ಯಾಂಕ್ಸ್ ಸರ್. ನೀವು ಹೇಳಿದ ಹಾಗೇ ಮಾಡಿದೆ.

ಒರೆಸಿದರೆ ಹೋಗಲಿಲ್ಲ. ಸ್ಕ್ರೀನ್‌ಶಾಟ್‌ನಲ್ಲಿ ಇಲ್ಲ. ಕಪ್ಪು ಪುಟದಲ್ಲಿ ಏನೂ ಕಾಣುವುದಿಲ್ಲ. ಕೆಂಪು, ನೀಲಿ ಎರಡರಲ್ಲೂ ಸರಿಯಾಗಿದೆ. ಹಸಿರು ಪುಟ ಹಾಕಿದರೆ ಮಾತ್ರ ಕಡುಕಪ್ಪು. ಬಿಳಿ ಪುಟದಲ್ಲಿ ಹತ್ತಿರ ಹೋಗಿ ನೋಡಿದರೆ ಪೂರ್ತಿ ಕಪ್ಪಲ್ಲ, ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದೆ. ದೂರದಿಂದ ಕಪ್ಪಾಗೇ ಕಾಣುತ್ತದೆ.

ಬೆಸುಗೆ_ಮೈಸೂರು

ಹಾಗಾದರೆ ನಿಮ್ಮ ಪಿಕ್ಸೆಲ್ ಪೂರ್ತಿ ಸತ್ತಿಲ್ಲ. ಅದರಲ್ಲಿ ಹಸಿರಿನ ಭಾಗ ಮಾತ್ರ ಸತ್ತಿದೆ.

ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬೇರೆಯವರಿಗೂ ಉಪಯೋಗ ಆಗಲಿ. ಫುಲ್ ಎಚ್‌ಡಿ ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಪಿಕ್ಸೆಲ್. ಗುಣಿಸಿದರೆ 20,73,600. ಒಂದೊಂದು ಪಿಕ್ಸೆಲ್‌ನಲ್ಲೂ ಕೆಂಪು, ಹಸಿರು, ನೀಲಿ ಅಂತ ಮೂರು ಭಾಗ. ಅಂದರೆ ನಿಮ್ಮ ಪರದೆಯಲ್ಲಿ 62 ಲಕ್ಷಕ್ಕಿಂತ ಜಾಸ್ತಿ ಸಣ್ಣ ಕಿಟಕಿಗಳಿವೆ. ಹಿಂದೆ ಬಿಳಿ ಎಲ್‌ಇಡಿ ಬೆಳಕು ಸದಾ ಉರಿಯುತ್ತಿರುತ್ತದೆ, ಅದೇ ಬ್ಯಾಕ್‌ಲೈಟ್. ಒಂದೊಂದು ಕಿಟಕಿಗೂ ಒಂದು ಟ್ರಾನ್ಸಿಸ್ಟರ್ ಇದೆ. ಅದು ವೋಲ್ಟೇಜ್ ಕೊಟ್ಟ ಹಾಗೆ ದ್ರವ ಹರಳು ತಿರುಗಿ ಬೆಳಕು ಬಿಡುತ್ತದೆ ಅಥವಾ ತಡೆಯುತ್ತದೆ. ಐಪಿಎಸ್ ಅನ್ನುವ ಬಗೆಯ ಪ್ಯಾನೆಲ್‌ನಲ್ಲಿ ವೋಲ್ಟೇಜ್ ಬರದಿದ್ದರೆ ಕಿಟಕಿ ಮುಚ್ಚಿಯೇ ಇರುತ್ತದೆ, ಚುಕ್ಕೆ ಕಪ್ಪಾಗಿ ಕಾಣುತ್ತದೆ. ಹಳೆಯ ಟಿಎನ್ ಪ್ಯಾನೆಲ್‌ನಲ್ಲಿ ಇದು ಉಲ್ಟಾ. ಅಲ್ಲಿ ವೋಲ್ಟೇಜ್ ಇಲ್ಲದಿದ್ದರೆ ಕಿಟಕಿ ತೆರೆದಿರುತ್ತದೆ, ಚುಕ್ಕೆ ಹೊಳೆಯುತ್ತದೆ.

ಬಿಳಿ ಬಣ್ಣದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕಾಣುವ ಪ್ರಕಾಶದ ಹೆಚ್ಚಿನ ಪಾಲು ಹಸಿರಿನದು, ಸುಮಾರು ನೂರಕ್ಕೆ 71ರಷ್ಟು. ಕೆಂಪು 21, ನೀಲಿ 7ರ ಹತ್ತಿರ. ಹಸಿರು ಹೋದರೆ ಉಳಿದದ್ದು ಕಾಲು ಭಾಗದ ಸ್ವಲ್ಪ ಮೇಲೆ. ಅದಕ್ಕೇ ನಿಮಗೆ ದೂರದಿಂದ ಕಪ್ಪು, ಹತ್ತಿರದಿಂದ ನೇರಳೆ. ನೀಲಿ ಭಾಗ ಸತ್ತಿದ್ದರೆ ನೀವು ಗಮನಿಸುತ್ತಲೇ ಇರಲಿಲ್ಲವೇನೋ.

ಇದನ್ನು ರಿಪೇರಿ ಮಾಡಲು ಆಗುವುದಿಲ್ಲ. ಟ್ರಾನ್ಸಿಸ್ಟರ್ ಇರುವುದು ಗಾಜಿನ ಮೇಲೆ, ಎರಡು ಗಾಜಿನ ನಡುವೆ, ಸೀಲ್ ಆಗಿ. ಕಾರ್ಖಾನೆಯಲ್ಲಿ ಲೇಸರ್ ಬಳಸಿ ಹೊಳೆಯುವ ಚುಕ್ಕೆಯನ್ನು ಕಪ್ಪು ಮಾಡುವ ಪದ್ಧತಿ ಇದೆ, ಕಪ್ಪಾದರೆ ಕಣ್ಣಿಗೆ ಅಷ್ಟು ಚುಚ್ಚುವುದಿಲ್ಲ ಅಂತ. ಅಂಗಡಿಯಲ್ಲಿ ನಾವು ಮಾಡಬಹುದಾದ್ದು ಇಡೀ ಪ್ಯಾನೆಲ್ ಬದಲಾಯಿಸುವುದೊಂದೇ. ಯಾರಾದರೂ ‘ಪಿಕ್ಸೆಲ್ ಸರಿಮಾಡಿ ಕೊಡುತ್ತೇನೆ’ ಅಂದರೆ ಲ್ಯಾಪ್‌ಟಾಪ್ ಎತ್ತಿಕೊಂಡು ವಾಪಸ್ ಬನ್ನಿ.

ಇದು ಹರಡುತ್ತಾ ಅನ್ನುವ ಭಯ ಎಲ್ಲರಿಗೂ ಇರುತ್ತದೆ. ಒಂಟಿ ಚುಕ್ಕೆ ಸಾಮಾನ್ಯವಾಗಿ ಹಾಗೇ ಒಂಟಿಯಾಗಿ ಉಳಿಯುತ್ತದೆ. ಪೆಟ್ಟು ಬಿದ್ದು ಗಾಜು ಒಳಗೆ ಬಿರುಕು ಬಿಟ್ಟಿದ್ದರೆ ಮಸಿ ಚೆಲ್ಲಿದ ಹಾಗೆ ಕಪ್ಪು ಹರಡುತ್ತದೆ, ಅದು ಬೇರೆ ವಿಷಯ. ಮೇಲಿಂದ ಕೆಳಗೆ ಉದ್ದ ಗೆರೆ ಬಂದರೆ ಅದೂ ಬೇರೆ. ಅದು ಅಂಚಿನಲ್ಲಿ ಅಂಟಿಸಿರುವ ಡ್ರೈವರ್ ಸರ್ಕ್ಯೂಟ್‌ನ ತೊಂದರೆ.

ಕರಡು_ತಿದ್ದುವವಳು

ನಾನು ಮೈಸೂರಿನ ಸರಸ್ವತಿಪುರಂನಿಂದ. ಕನ್ನಡ ಪುಸ್ತಕಗಳ ಡಿಟಿಪಿ, ಕರಡು ತಿದ್ದುವ ಕೆಲಸ. ಕಬ್ಬಿನ ಗದ್ದೆ ಅವರು ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಮರೆತು ಹೋಗುತ್ತದೆ ಅನ್ನುವುದು ಟಿವಿ ನೋಡುವವರಿಗೆ ಸರಿ. ದಿನವಿಡೀ ಪರದೆಯ ಮೇಲೆ ಕಣ್ಣು ನೆಟ್ಟು ಒಂದೊಂದು ಅಕ್ಷರ ಹುಡುಕುವವರಿಗೆ ಹಾಗಾಗುವುದಿಲ್ಲ.

ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದು ಕೆಂಪಗೆ ಹೊಳೆಯುವ ಚುಕ್ಕೆ. ಅದನ್ನು ‘ಸ್ಟಕ್ ಪಿಕ್ಸೆಲ್’ ಅಂತಾರೆ. ಸತ್ತಿರುವುದಿಲ್ಲ, ಒಂದೇ ಬಣ್ಣದಲ್ಲಿ ಸಿಕ್ಕಿಹಾಕಿಕೊಂಡಿರುತ್ತದೆ. ಪೂರ್ಣವಿರಾಮ ಇದೆಯೋ ಇಲ್ಲವೋ ಅನ್ನುವ ಅನುಮಾನ ಪ್ರತಿ ಪುಟದಲ್ಲೂ. ರಾತ್ರಿ ಕಣ್ಣಿಗೆ ಹಿತವಾಗಲಿ ಅಂತ ಕಪ್ಪು ಹಿನ್ನೆಲೆ ಹಾಕಿಕೊಂಡರೆ ಅದು ಇನ್ನೂ ಜಾಸ್ತಿ ಹೊಳೆಯುತ್ತಿತ್ತು. ಬಣ್ಣಗಳನ್ನು ಬೇಗ ಬೇಗ ಬದಲಿಸಿ ಮಿನುಗಿಸುವ ಸಾಫ್ಟ್‌ವೇರ್ ಬರುತ್ತವಲ್ಲ, ಅದನ್ನು ಹಾಕಿಟ್ಟೆ. ಒಮ್ಮೆ ಹೋಯಿತು, ಆಮೇಲೆ ಮತ್ತೆ ಬಂತು. ಕೊನೆಗೆ ಪ್ಯಾನೆಲ್ ಬದಲಾಯಿಸಿದೆ. ಇವತ್ತಿಗೂ ಅದು ಒಳ್ಳೆಯ ನಿರ್ಧಾರ ಅಂತಲೇ ಅನ್ನಿಸುತ್ತದೆ. ಕೆಲಸ ಮಾಡುವಾಗ ಮನಸ್ಸು ಕೆಲಸದ ಮೇಲೆ ಇರಬೇಕು. ಅದಕ್ಕೆ ಕೊಟ್ಟ ದುಡ್ಡು ದಂಡ ಅಲ್ಲ.

ತಮ್ಮ, ಒಂದು ಮಾತು ಮಾತ್ರ ನೆನಪಿಟ್ಟುಕೊಳ್ಳಿ. ಹೊಸ ಪ್ಯಾನೆಲ್ ಹಾಕಿದ ಮೇಲೆ, ದುಡ್ಡು ಕೊಡುವ ಮೊದಲು, ಅಂಗಡಿಯಲ್ಲೇ ನಿಂತು ಆ ಐದೂ ಬಣ್ಣ ಹಾಕಿ ನೋಡಿ. ನನಗೆ ಮೊದಲು ಹಾಕಿದ ಪ್ಯಾನೆಲ್‌ನ ಮೂಲೆಯಲ್ಲೇ ಒಂದು ಬಿಳಿ ಚುಕ್ಕೆ ಇತ್ತು. ಅಲ್ಲೇ ತೋರಿಸಿದ್ದಕ್ಕೆ ಅವರು ಬೇರೆಯದು ಹಾಕಿಕೊಟ್ಟರು. ಮನೆಗೆ ಬಂದು ನೋಡಿದ್ದರೆ ಯಾರು ಒಪ್ಪುತ್ತಿದ್ದರು?

ಬೆಸುಗೆ_ಮೈಸೂರು

ಮೇಡಂ ಹೇಳಿದ ಮಿನುಗಿಸುವ ಉಪಾಯ ಸ್ಟಕ್ ಪಿಕ್ಸೆಲ್‌ಗೆ ಮಾತ್ರ. ಕೆಲವು ಸಲ ಕೆಲಸ ಮಾಡುತ್ತದೆ, ಕೆಲವು ಸಲ ಇಲ್ಲ. ಆಲ್ಬಮ್ ಅಣ್ಣನ ಕೇಸ್‌ನಲ್ಲಿ ಹಸಿರು ಪೂರ್ತಿ ನಿಂತುಹೋಗಿದೆ. ಅದಕ್ಕೆ ಇದರಿಂದ ಉಪಯೋಗ ಇಲ್ಲ. ಇನ್ನೊಂದು ಎಚ್ಚರಿಕೆ: ಮೂರ್ಛೆ ರೋಗ ಇರುವವರು ಆ ಮಿನುಗುವ ಪರದೆಯನ್ನು ನೋಡಲೇಬಾರದು. ಮನೆಯಲ್ಲಿ ಅಂಥವರು ಇದ್ದರೆ ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿ ಇಡಿ.

ಕಬ್ಬಿನ_ಗದ್ದೆ

ಮೇಡಂ, ನಿಮ್ಮ ಮಾತು ಸರಿ. ನಾನು ನನ್ನ ಮನೆಯ ಟಿವಿ ಲೆಕ್ಕದಲ್ಲಿ ಹೇಳಿದೆ. ಆದರೂ ಒಂದು ಪ್ರಶ್ನೆ. ವಾರಂಟಿ ಇರುವಾಗ ಕಂಪನಿ ‘ಆಗಲ್ಲ’ ಅಂದರೆ ಸುಮ್ಮನೆ ಒಪ್ಪಿಕೊಳ್ಳಬೇಕಾ? ದುಡ್ಡು ಕೊಟ್ಟು ತಗೊಂಡ ವಸ್ತು ಅಲ್ವಾ? ಕೋರ್ಟಿಗೆ ಹೋದರೆ ಹೇಗೆ?

ರಸೀದಿ_ಇಟ್ಕೊಳ್ಳಿ

ನಾನು ಗ್ರಾಹಕರ ದೂರು ಬರೆದುಕೊಡುವ ಕೆಲಸದಲ್ಲಿ ತೊಡಗಿಸಿಕೊಂಡವನು. ಕಬ್ಬಿನ ಗದ್ದೆ ಅವರ ಪ್ರಶ್ನೆಗೆ ಉತ್ತರ ಹೇಳುತ್ತೇನೆ.

ದಾರಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿ ಎಲ್ಲಿದ್ದರೂ ಮಂಡ್ಯದವರು ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋದರೆ ಸಾಕು. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರು ಇರಲೇಬೇಕು ಅಂತಲೂ ಇಲ್ಲ. ತೊಂದರೆ ಶುರುವಾದ 2 ವರ್ಷದೊಳಗೆ ದೂರು ಕೊಡಬೇಕು. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಎಷ್ಟೋ ವಿಷಯ ಅಲ್ಲೇ ಮುಗಿಯುತ್ತದೆ.

ಆದರೆ ಈ ಒಂದು ಚುಕ್ಕೆಗೆ ಕೇಸ್ ಹಾಕಿ ಅಂತ ನಾನು ಹೇಳುವುದಿಲ್ಲ. ಎಷ್ಟು ಚುಕ್ಕೆ ಇದ್ದರೆ ದೋಷ ಅಂತ ಕಂಪನಿಗಳು ತಮ್ಮ ವಾರಂಟಿ ನಿಯಮದಲ್ಲಿ ಮೊದಲೇ ಬರೆದಿಟ್ಟಿರುತ್ತವೆ. ಅವಕ್ಕೆ ಆಧಾರವಾಗಿ ಅಂತರರಾಷ್ಟ್ರೀಯ ಮಾನದಂಡವೂ ಇದೆ. 2001ರ ಐಎಸ್‌ಒ 13406-2 ಪ್ಯಾನೆಲ್‌ಗಳನ್ನು ನಾಲ್ಕು ದರ್ಜೆ ಮಾಡಿತ್ತು. ಎರಡನೇ ದರ್ಜೆಯಲ್ಲಿ 10 ಲಕ್ಷ ಪಿಕ್ಸೆಲ್‌ಗೆ ಸದಾ ಹೊಳೆಯುವಂಥವು 2, ಸದಾ ಕಪ್ಪಾಗಿರುವಂಥವು 2, ನಿಮ್ಮದರ ಹಾಗೆ ಒಂದೇ ಬಣ್ಣದ ಭಾಗ ಕೆಟ್ಟಂಥವು 5, ಇಷ್ಟಕ್ಕೆ ಅವಕಾಶ. ಆಮೇಲೆ 2008ರಲ್ಲಿ ಐಎಸ್‌ಒ 9241-307 ಅದರ ಜಾಗಕ್ಕೆ ಬಂತು. ಫುಲ್ ಎಚ್‌ಡಿಯಲ್ಲಿ 20 ಲಕ್ಷ ಪಿಕ್ಸೆಲ್ ಇರುವಾಗ, ಒಂದು ಪಿಕ್ಸೆಲ್‌ನ ಮೂರನೇ ಒಂದು ಭಾಗವನ್ನು ಹಿಡಿದು ವಾದ ಮಾಡಿದರೆ ಗೆಲ್ಲುವುದು ಕಷ್ಟ. ಕೆಲವು ಕಂಪನಿಗಳು ಹೊಳೆಯುವ ಒಂದೇ ಚುಕ್ಕೆಗೂ ಬದಲಾಯಿಸಿ ಕೊಡುತ್ತವೆ. ಡೆಲ್ ತನ್ನ ಕೆಲವು ಮಾನಿಟರ್‌ಗಳಿಗೆ ಅಂಥ ಭರವಸೆ ಕೊಟ್ಟಿದೆ. ಅದೂ ಹೊಳೆಯುವ ಚುಕ್ಕೆಗೆ, ಕಪ್ಪಿಗಲ್ಲ.

ಹಾಗಂತ ಫೋನಿನಲ್ಲಿ ‘ಆಗಲ್ಲ’ ಅಂದದ್ದನ್ನೇ ಕೊನೆ ಮಾತು ಅಂದುಕೊಳ್ಳಬೇಡಿ. ಇದು ಬಹಳ ಮುಖ್ಯ. ಇಮೇಲ್‌ನಲ್ಲಿ ದೂರು ಬರೆಯಿರಿ. ಬಿಲ್ಲಿನ ಪ್ರತಿ, ಲ್ಯಾಪ್‌ಟಾಪ್‌ನ ಸೀರಿಯಲ್ ನಂಬರ್, ಐದು ಬಣ್ಣದಲ್ಲಿ ತೆಗೆದ ಫೋಟೋ ಎಲ್ಲ ಹಾಕಿ. ದೂರಿನ ಸಂಖ್ಯೆ ಕೇಳಿ ಪಡೆಯಿರಿ. ನಿಮ್ಮ ಮಾಡೆಲ್‌ಗೆ ಎಷ್ಟು ಚುಕ್ಕೆಯ ನಿಯಮ ಇದೆ ಅಂತ ಬರಹದಲ್ಲಿ ಕೊಡಿ ಅಂತ ಕೇಳಿ. ವಾರಂಟಿ ಮುಗಿಯುವುದರೊಳಗೆ ಇನ್ನೆರಡು ಚುಕ್ಕೆ ಬಂದರೆ, ಇದು ಮೊದಲೇ ಶುರುವಾಗಿತ್ತು ಅನ್ನುವುದಕ್ಕೆ ಆ ಇಮೇಲ್ ದಾಖಲೆ ಆಗುತ್ತದೆ. ವಾರಂಟಿ ಮುಗಿದ ಮಾರನೇ ವಾರ ಬಂದರೂ ನಿಮ್ಮ ಮಾತಿಗೆ ತೂಕ ಇರುತ್ತದೆ.

ವಾರಂಟಿ ಇರುವಾಗ ಹೊರಗಿನ ಅಂಗಡಿಯಲ್ಲಿ ಬಿಚ್ಚಿಸಿದರೆ? ನಾಳೆ ಮದರ್‌ಬೋರ್ಡ್ ಕೆಟ್ಟರೂ ‘ಹೊರಗೆ ಬಿಚ್ಚಿದ್ದಾರೆ’ ಅನ್ನುವ ನೆಪ ಅವರ ಕೈಗೆ ಕೊಟ್ಟ ಹಾಗಾಗುತ್ತದೆ. 5,500ರ ಚುಕ್ಕೆಗೆ ಇಡೀ ಲ್ಯಾಪ್‌ಟಾಪ್‌ನ ವಾರಂಟಿ ಪಣಕ್ಕಿಡಬೇಡಿ.

ಪಿಇಎಸ್_ಹಾಸ್ಟೆಲ್

ಅಣ್ಣ, ನಾನು ಮಂಡ್ಯದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಆನ್‌ಲೈನ್‌ನಲ್ಲಿ ಪ್ಯಾನೆಲ್ ಇನ್ನೂ ಕಡಿಮೆಗೆ ಸಿಗುತ್ತದೆ. ವಿಡಿಯೋ ನೋಡಿ ನಾವೇ ಹಾಕಬಹುದು. ನಾಲ್ಕು ಸ್ಕ್ರೂ ಅಷ್ಟೇ ಅಲ್ವಾ? ಅಂಗಡಿಯವರಿಗೆ ಯಾಕೆ ಅಷ್ಟು ಕೊಡಬೇಕು?

ಬೆಸುಗೆ_ಮೈಸೂರು

ತಮ್ಮಾ, ಹಾಕಬಹುದು. ನಾನು ಕಲಿತದ್ದೂ ಹಾಗೇ ಬಿಚ್ಚಿ ಜೋಡಿಸಿ. ಆದರೆ ‘ನಾಲ್ಕು ಸ್ಕ್ರೂ’ ಅನ್ನುವುದು ಹಳೆಯ ಲ್ಯಾಪ್‌ಟಾಪ್‌ಗಳ ಮಾತು. ಈಗಿನ ಎಷ್ಟೋ ಮಾಡೆಲ್‌ಗಳಲ್ಲಿ ಪ್ಯಾನೆಲ್‌ಗೆ ಸ್ಕ್ರೂ ಇರುವುದೇ ಇಲ್ಲ. ಎರಡು ಬದಿಯಲ್ಲಿ ಉದ್ದಕ್ಕೆ ಎಳೆಯುವ ಅಂಟುಪಟ್ಟಿ ಇರುತ್ತದೆ. ಅದನ್ನು ನಿಧಾನವಾಗಿ, ಪ್ಯಾನೆಲ್‌ಗೆ ಸಮಾನಾಂತರವಾಗಿ ಎಳೆದರೆ ಪೂರ್ತಿ ಬರುತ್ತದೆ. ಎತ್ತಿ ಎಳೆದರೆ ನಡುವೆ ಕಿತ್ತುಹೋಗುತ್ತದೆ. ಆಮೇಲೆ ಪ್ಯಾನೆಲ್ ಬಿಡಿಸಲು ಹೋಗಿ ಗಾಜು ಒಡೆಯುವವರೇ ಜಾಸ್ತಿ. ಮುಂದಿನ ಪ್ಲಾಸ್ಟಿಕ್ ಫ್ರೇಮ್‌ನ ಕ್ಲಿಪ್‌ಗಳೂ ಹಾಗೇ. ಒಂದು ಮುರಿದರೆ ಆ ಜಾಗದಲ್ಲಿ ಸದಾ ಬಾಯಿ ಬಿಟ್ಟುಕೊಂಡಿರುತ್ತದೆ.

ಎಲ್ಲಕ್ಕಿಂತ ಮುಖ್ಯ, ಪರದೆಯ ಕೇಬಲ್ ಮುಟ್ಟುವ ಮೊದಲು ಕೆಳಗಿನ ಮುಚ್ಚಳ ಬಿಚ್ಚಿ ಬ್ಯಾಟರಿಯ ಕನೆಕ್ಟರ್ ತೆಗೆಯಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ಕೇಬಲ್‌ನಲ್ಲಿ ಬ್ಯಾಕ್‌ಲೈಟ್‌ನ ವೋಲ್ಟೇಜ್ ಇರುತ್ತದೆ. ಕೀಳುವಾಗ ಪಿನ್‌ಗಳು ಒಂದಕ್ಕೊಂದು ತಗುಲಿದರೆ ಮದರ್‌ಬೋರ್ಡ್‌ನ ಬ್ಯಾಕ್‌ಲೈಟ್ ಫ್ಯೂಸ್ ಹಾರುತ್ತದೆ. ಹೊಸ ಪ್ಯಾನೆಲ್ ಹಾಕಿದ ಮೇಲೆ ಪರದೆ ಕತ್ತಲು ಅಂತ ಅಂಗಡಿಗೆ ಬರುವವರಲ್ಲಿ ಈ ತೊಂದರೆ ಮಾಡಿಕೊಂಡವರನ್ನು ನೋಡಿದ್ದೇನೆ.

ಪ್ಯಾನೆಲ್ ಆರಿಸುವುದರಲ್ಲೂ ವಿಷಯ ಇದೆ. ಲ್ಯಾಪ್‌ಟಾಪ್ ಕಂಪನಿಗಳು ಪ್ಯಾನೆಲ್ ತಾವೇ ಮಾಡುವುದು ಅಪರೂಪ. ಬಿಒಇ, ಎಯುಒ, ಇನ್ನೋಲಕ್ಸ್, ಎಲ್‌ಜಿ ಡಿಸ್‌ಪ್ಲೇ ಇಂಥವರಿಂದ ಕೊಳ್ಳುತ್ತಾರೆ. ಒಂದೇ ಮಾಡೆಲ್ ಲ್ಯಾಪ್‌ಟಾಪ್‌ನಲ್ಲಿ ಇವತ್ತು ಒಬ್ಬರದು, ನಾಳೆ ಇನ್ನೊಬ್ಬರದು ಇರಬಹುದು. ಅದಕ್ಕೇ ಲ್ಯಾಪ್‌ಟಾಪ್ ಮಾಡೆಲ್ ಹೆಸರು ಹೇಳಿ ಪ್ಯಾನೆಲ್ ತರಿಸಬಾರದು. ಬಿಚ್ಚಿ, ಪ್ಯಾನೆಲ್‌ನ ಬೆನ್ನ ಮೇಲಿನ ಸ್ಟಿಕ್ಕರ್‌ನಲ್ಲಿರುವ ನಂಬರ್ ನೋಡಿ ತರಿಸಬೇಕು. ಕನೆಕ್ಟರ್ 30 ಪಿನ್ನಾ, 40 ಪಿನ್ನಾ ಅಂತ ನೋಡಬೇಕು. ಸಾಮಾನ್ಯ 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ) ಫುಲ್ ಎಚ್‌ಡಿಗೆ 30 ಪಿನ್. ಟಚ್ ಇದ್ದರೆ, ಗೇಮಿಂಗ್‌ನ ಹೆಚ್ಚು ಹರ್ಟ್ಸ್ ಇದ್ದರೆ 40 ಪಿನ್ ಬರುತ್ತದೆ. ಕನೆಕ್ಟರ್ ಎಡಕ್ಕಿದೆಯೋ ಬಲಕ್ಕಿದೆಯೋ, ಸ್ಕ್ರೂ ಹಾಕುವ ಕಿವಿ ಇದೆಯೋ ಇಲ್ಲವೋ, ಹೊಳಪಿನದೋ ಮ್ಯಾಟ್‌ದೋ, ಇಷ್ಟೂ ಹೊಂದಬೇಕು.

ಇನ್ನು ಕಡಿಮೆ ಬೆಲೆಯ ಗುಟ್ಟು. ಮಾರುಕಟ್ಟೆಯಲ್ಲಿ ಹೊಸದು ಅಂತ ಸಿಗುವುದರಲ್ಲಿ ಹೊಚ್ಚಹೊಸದೂ ಇರುತ್ತದೆ, ಬೇರೆ ಲ್ಯಾಪ್‌ಟಾಪ್‌ನಿಂದ ಬಿಚ್ಚಿ ಒರೆಸಿಟ್ಟದ್ದೂ ಇರುತ್ತದೆ, ಕಾರ್ಖಾನೆಯಲ್ಲಿ ಮೊದಲ ದರ್ಜೆ ಸಿಗದೆ ಕೆಳಗಿಳಿದದ್ದೂ ಇರುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ನಾವು ತರುವಾಗಲೂ ಒಂದೊಂದನ್ನೂ ಪರೀಕ್ಷೆ ಮಾಡಿಯೇ ತರಬೇಕು. ಒಂದು ಚುಕ್ಕೆಗಾಗಿ ಒಳ್ಳೆಯ ಪ್ಯಾನೆಲ್ ತೆಗೆದು, ಮೂಲೆಗಳಲ್ಲಿ ಬೆಳಕು ಸೋರುವ, ಬಣ್ಣ ಮಂಕಾಗಿರುವ ಪ್ಯಾನೆಲ್ ಹಾಕಿಸಿಕೊಂಡು ಹೋದವರಿದ್ದಾರೆ. ಚುಕ್ಕೆ ಹೋಯಿತು ಅನ್ನುವ ಖುಷಿ ಸ್ವಲ್ಪ ದಿನ ಮಾತ್ರ.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಆಲ್ಬಮ್ ಅಣ್ಣ, ನೀವು ನನ್ನ ಅಂಗಡಿಗೆ ಬಂದರೂ ನಾನು ಈಗ ಬಿಚ್ಚುವುದಿಲ್ಲ. ವಾರಂಟಿ ಇದೆ, ಚುಕ್ಕೆ ಒಂದೇ, ಕಪ್ಪು ಬಣ್ಣದ್ದು, ಹರಡುತ್ತಿಲ್ಲ.

ಬೆಟ್ಟದ_ಬೆಳಕು

ತಡವಾಗಿ ನೋಡಿದೆ. ನಾನು ಮೈಸೂರಿನಲ್ಲಿ ಫೋಟೋಗ್ರಾಫರ್, ದಸರಾ ಸಮಯದಲ್ಲಿ ಹಗಲು ರಾತ್ರಿ ಎಡಿಟ್ ಮಾಡುವವನು.

ಮೊದಲು ಒಂದು ಸಣ್ಣ ವಿಷಯ. ಕೆಲವು ಸಲ ಚುಕ್ಕೆ ಪರದೆಯದ್ದಲ್ಲ, ಕ್ಯಾಮೆರಾದ್ದು. ರಾತ್ರಿ ಹೆಚ್ಚು ಹೊತ್ತು ಶಟರ್ ತೆರೆದಿಟ್ಟು ತೆಗೆದ ಫೋಟೋಗಳಲ್ಲಿ ಸೆನ್ಸರ್‌ನ ಬಿಸಿ ಪಿಕ್ಸೆಲ್ ಕೆಂಪಗೆ, ಬೆಳ್ಳಗೆ ಕೂತಿರುತ್ತದೆ. ಅರಮನೆ ದೀಪಾಲಂಕಾರದ ಫೋಟೋಗಳಲ್ಲಿ ಇದನ್ನು ಚೆನ್ನಾಗಿ ನೋಡಬಹುದು. ಫೋಟೋ ಸರಿಸಿದಾಗ ಚುಕ್ಕೆಯೂ ಜೊತೆಗೆ ಸರಿದರೆ ಅದು ಫೋಟೋದಲ್ಲೇ ಇದೆ, ಪ್ರಿಂಟ್‌ನಲ್ಲೂ ಬರುತ್ತದೆ, ತೆಗೆಯಲೇಬೇಕು. ಫೋಟೋ ಸರಿದು ಚುಕ್ಕೆ ಅಲ್ಲೇ ನಿಂತರೆ ಪರದೆಯದ್ದು, ಪ್ರಿಂಟ್‌ಗೆ ಬರುವುದಿಲ್ಲ.

ಈಗ ದೊಡ್ಡ ವಿಷಯ. ಆಲ್ಬಮ್ ಸರ್, ನಿಮ್ಮನ್ನು ಒಂದು ಕೇಳಬೇಕು. ಲ್ಯಾಬ್‌ನಿಂದ ಪ್ರಿಂಟ್ ಬಂದಾಗ ಮುಖದ ಬಣ್ಣ, ರೇಷ್ಮೆ ಸೀರೆಯ ಬಣ್ಣ ನೀವು ಪರದೆಯಲ್ಲಿ ನೋಡಿದ ಹಾಗೇ ಇರುತ್ತದಾ?

ಆಲ್ಬಮ್_ಮಂಡ್ಯ

ಇಲ್ಲ ಸರ್. ಮುಖ ಕೆಂಪಗಾಗಿ ಬರುತ್ತದೆ. ಕಡುಗೆಂಪು ಸೀರೆ ಪರದೆಯಲ್ಲಿ ಸ್ವಲ್ಪ ಕಂದು ಬಣ್ಣಕ್ಕೆ ಕಾಣುತ್ತದೆ ಅಂತ ನಾನು ಕೆಂಪು ಜಾಸ್ತಿ ಮಾಡಿ ಕಳಿಸುತ್ತೇನೆ. ಪ್ರಿಂಟ್ ನೋಡಿದರೆ ಅತಿಯಾಗಿರುತ್ತದೆ. ಲ್ಯಾಬ್‌ನವರನ್ನು ಕೇಳಿದರೆ ನಮ್ಮದು ಸರಿಯಾಗಿದೆ ಅನ್ನುತ್ತಾರೆ.

ಬೆಟ್ಟದ_ಬೆಳಕು

ಅದನ್ನೇ ಅಂದುಕೊಂಡೆ. ನಿಮ್ಮ ಲ್ಯಾಪ್‌ಟಾಪ್‌ನ ವಿವರದಲ್ಲಿ ಪರದೆಯ ಮುಂದೆ ‘45 ಪರ್ಸೆಂಟ್ ಎನ್‌ಟಿಎಸ್‌ಸಿ, 250 ನಿಟ್ಸ್’ ಅಂತ ಇದೆಯಾ ನೋಡಿ. ಎನ್‌ಟಿಎಸ್‌ಸಿ ಅನ್ನುವುದು ಪರದೆ ಎಷ್ಟು ಬಣ್ಣ ತೋರಿಸಬಲ್ಲದು ಅನ್ನುವ ಲೆಕ್ಕ, ನಿಟ್ಸ್ ಪರದೆಯ ಬೆಳಕಿನ ಅಳತೆ. ಕಡಿಮೆ ಮತ್ತು ಮಧ್ಯಮ ಬೆಲೆಯ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಇದೇ ಇರುತ್ತದೆ. ಲ್ಯಾಬ್‌ಗಳು ಸಾಮಾನ್ಯವಾಗಿ ಎಸ್‌ಆರ್‌ಜಿಬಿ ಬಣ್ಣದ ವ್ಯಾಪ್ತಿಯಲ್ಲಿ ಫೈಲ್ ಕೇಳುತ್ತವೆ. ಪೂರ್ತಿ ಎಸ್‌ಆರ್‌ಜಿಬಿ ಅಂದರೆ ಎನ್‌ಟಿಎಸ್‌ಸಿ ಲೆಕ್ಕದಲ್ಲಿ ಸುಮಾರು 72 ಪರ್ಸೆಂಟ್. 45 ಪರ್ಸೆಂಟ್‌ನ ಪರದೆಗೆ ಆ ಕೆಂಪನ್ನು ತೋರಿಸುವ ಶಕ್ತಿಯೇ ಇಲ್ಲ. ಅದು ಮಂಕಾಗಿ ತೋರಿಸುತ್ತದೆ, ನೀವು ಜಾಸ್ತಿ ಮಾಡುತ್ತೀರಿ, ಪ್ರಿಂಟ್‌ನಲ್ಲಿ ಮುಖ ಕೆಂಪಾಗುತ್ತದೆ.

ಚುಕ್ಕೆ ಪ್ರಿಂಟ್‌ಗೆ ಬರುವುದಿಲ್ಲ. ಬಣ್ಣ ಬರುತ್ತದೆ. ಗ್ರಾಹಕರು ಮನೆಯಲ್ಲಿ ವರ್ಷಗಟ್ಟಲೆ ಇಟ್ಟುಕೊಳ್ಳುವ ಆಲ್ಬಮ್ ಅದು. ಹಾಗಾಗಿ ದುಡ್ಡು ಖರ್ಚು ಮಾಡುವುದೇ ಆದರೆ ಅದೇ ಥರದ ಇನ್ನೊಂದು ಪ್ಯಾನೆಲ್‌ಗೆ ಹಾಕಬೇಡಿ. ಇನ್ನೊಂದಿಷ್ಟು ಸೇರಿಸಿ 24 ಇಂಚಿನ, ಪೂರ್ತಿ ಎಸ್‌ಆರ್‌ಜಿಬಿ ತೋರಿಸುವ ಐಪಿಎಸ್ ಮಾನಿಟರ್ ತಗೊಳ್ಳಿ. ಎಚ್‌ಡಿಎಂಐ ಕೇಬಲ್ ಹಾಕಿ, ಫೋಟೋ ಅಲ್ಲಿ ನೋಡಿ. ಟೂಲ್‌ಗಳು, ಫೋಲ್ಡರ್‌ಗಳು ಲ್ಯಾಪ್‌ಟಾಪ್ ಪರದೆಯಲ್ಲಿ ಇರಲಿ. ಚುಕ್ಕೆ ಇದ್ದರೂ ಅದು ನಿಮ್ಮ ಕೆಲಸದ ದಾರಿಗೆ ಅಡ್ಡ ಬರುವುದಿಲ್ಲ. ಲ್ಯಾಪ್‌ಟಾಪ್ ಬಿಚ್ಚುವ ಪ್ರಶ್ನೆಯೂ ಇಲ್ಲ.

ಕರಡು_ತಿದ್ದುವವಳು

ಇದು ನನಗೂ ಸರಿ ಕಾಣುತ್ತದೆ. ನಾನು ಪ್ಯಾನೆಲ್ ಬದಲಾಯಿಸಿದ್ದು ಬೇರೆ ದಾರಿ ಇಲ್ಲದೆ. ಊರಿಂದೂರಿಗೆ ಬಸ್ಸಿನಲ್ಲಿ ಓಡಾಡಿಕೊಂಡೇ ಕೆಲಸ ಮಾಡಬೇಕಿತ್ತು, ಮಾನಿಟರ್ ಹೊತ್ತುಕೊಂಡು ಹೋಗಲು ಆಗುತ್ತಿರಲಿಲ್ಲ. ಚುಕ್ಕೆ ಹೊಳೆಯುವಂಥದ್ದು, ವಾರಂಟಿಯೂ ಮುಗಿದಿತ್ತು. ತಮ್ಮ ಒಂದೇ ಕಡೆ ಕೂತು ಕೆಲಸ ಮಾಡುವವರು. ಮಾನಿಟರ್ ದೊಡ್ಡದಿದ್ದರೆ ಕತ್ತು ಬಗ್ಗಿಸಿ ಕೂರುವುದೂ ತಪ್ಪುತ್ತದೆ.

ಪಿಇಎಸ್_ಹಾಸ್ಟೆಲ್

ಒಂದು ಡೌಟು. ಲ್ಯಾಪ್‌ಟಾಪ್‌ಗೇ ಪೂರ್ತಿ ಎಸ್‌ಆರ್‌ಜಿಬಿ ಪ್ಯಾನೆಲ್ ಹಾಕಿಸಿಬಿಟ್ಟರೆ? ಚುಕ್ಕೆಯೂ ಹೋಯಿತು, ಬಣ್ಣವೂ ಬಂತು ಅಲ್ವಾ?

ಬೆಸುಗೆ_ಮೈಸೂರು

ಒಳ್ಳೆಯ ಪ್ರಶ್ನೆ. ಆಗುತ್ತದೆ. ಅದೇ 30 ಪಿನ್, ಅದೇ ಅಳತೆ, ಅದೇ ದಪ್ಪದಲ್ಲಿ 300 ನಿಟ್ಸ್‌ನ, ಪೂರ್ತಿ ಎಸ್‌ಆರ್‌ಜಿಬಿಯ ಪ್ಯಾನೆಲ್‌ಗಳೂ ಬರುತ್ತವೆ. ಬೆಲೆ ಸಾಮಾನ್ಯ ಪ್ಯಾನೆಲ್‌ಗಿಂತ ಜಾಸ್ತಿ. ಬ್ಯಾಟರಿ ಸ್ವಲ್ಪ ಬೇಗ ಖಾಲಿಯಾಗಬಹುದು. ವಾರಂಟಿ ಮುಗಿದ ಮೇಲೆ, ಇನ್ನೊಂದೆರಡು ವರ್ಷ ಇದೇ ಲ್ಯಾಪ್‌ಟಾಪ್ ಓಡಿಸುವುದು ಅಂತ ಇದ್ದರೆ ಆಗ ಯೋಚಿಸಬಹುದು. ಆಗಲೂ ಅಂಗಡಿಯವರಿಂದ ಪ್ಯಾನೆಲ್ ನಂಬರ್ ಬರೆದ ಬಿಲ್ಲು ಮತ್ತು ಎಷ್ಟು ತಿಂಗಳ ಗ್ಯಾರಂಟಿ ಅನ್ನುವುದನ್ನು ಬರೆಸಿಕೊಳ್ಳಿ. ಹಳೆಯ ಪ್ಯಾನೆಲ್ ನಿಮ್ಮದು, ಕೇಳಿ ತಗೊಳ್ಳಿ. ಅದರಲ್ಲಿ ಒಂದು ಚುಕ್ಕೆ ಬಿಟ್ಟರೆ ಎಲ್ಲ ಸರಿಯಾಗಿದೆ, ಮುಂದೆ ಪರದೆ ಒಡೆದರೆ ಉಪಯೋಗಕ್ಕೆ ಬರುತ್ತದೆ.

ಆಲ್ಬಮ್_ಮಂಡ್ಯ

ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. ವಿವರದಲ್ಲಿ ನೋಡಿದೆ, 45 ಪರ್ಸೆಂಟ್ ಎನ್‌ಟಿಎಸ್‌ಸಿ ಅಂತಲೇ ಇದೆ.

ಪ್ಯಾನೆಲ್ ಬದಲಾಯಿಸುತ್ತಿಲ್ಲ. ಕಂಪನಿಗೆ ಇಮೇಲ್ ಕಳಿಸಿದ್ದೇನೆ, ಬಿಲ್ಲು, ಫೋಟೋ ಎಲ್ಲ ಹಾಕಿ. ದೂರಿನ ಸಂಖ್ಯೆ ಬಂತು. ನಿಯಮ ಬರಹದಲ್ಲಿ ಕೊಡಿ ಅಂತಲೂ ಕೇಳಿದ್ದೇನೆ. ಮಾನಿಟರ್ ನೋಡಲು ಈ ಭಾನುವಾರ ಮೈಸೂರಿಗೆ ಬರುತ್ತೇನೆ. ಅಂಗಡಿಯಲ್ಲಿ ಐದು ಬಣ್ಣದ ಪುಟ ಹಾಕಿ ತೋರಿಸಲು ಒಪ್ಪುತ್ತಾರಾ?

ಬೆಟ್ಟದ_ಬೆಳಕು

ಒಪ್ಪುತ್ತಾರೆ, ಮೊದಲೇ ಕೇಳಿಕೊಳ್ಳಿ. ಪುಟಗಳನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಬನ್ನಿ. ನೀವು ಬಣ್ಣ ಸರಿಯಾಗಿ ಬಲ್ಲ ಒಂದು ಹಳೆಯ ಪ್ರಿಂಟ್ ಮತ್ತು ಅದರ ಫೈಲ್ ಕೂಡ ತನ್ನಿ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಯಾವ ಮಾನಿಟರ್ ಅಂತ ಅಲ್ಲೇ ಗೊತ್ತಾಗುತ್ತದೆ. ಅಂಗಡಿಯ ಮಾನಿಟರ್‌ಗಳಲ್ಲಿ ಬೆಳಕು ಪೂರ್ತಿ ಏರಿಸಿಟ್ಟಿರುತ್ತಾರೆ, ಇಳಿಸಿ ನೋಡಿ.

ರಸೀದಿ_ಇಟ್ಕೊಳ್ಳಿ

ಮಾನಿಟರ್‌ನ ವಾರಂಟಿ ಕಾರ್ಡಿನಲ್ಲಿ ಎಷ್ಟು ಪಿಕ್ಸೆಲ್‌ಗೆ ಬದಲಾಯಿಸಿ ಕೊಡುತ್ತಾರೆ ಅನ್ನುವ ಸಾಲನ್ನು ಕೊಳ್ಳುವ ಮೊದಲೇ ಓದಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರಲಿ.

ಪಿಇಎಸ್_ಹಾಸ್ಟೆಲ್

ಬೆಸುಗೆ ಅಣ್ಣ, ಇದೇ ಎಳೆಯಲ್ಲಿ ಕೇಳುತ್ತೇನೆ. ನನ್ನ ರೂಮ್‌ಮೇಟ್ ಲ್ಯಾಪ್‌ಟಾಪ್‌ನಲ್ಲಿ ಕೆಳಗಿನ ಮೂಲೆಯಲ್ಲಿ ಕಪ್ಪು ಕಲೆ ಇದೆ. ರೈಲಿನಲ್ಲಿ ಬ್ಯಾಗ್ ಒತ್ತಿದ ಮೇಲೆ ಬಂದದ್ದು. ಹೋದ ವಾರಕ್ಕಿಂತ ಈಗ ದೊಡ್ಡದಾಗಿದೆ. ಇದೂ ಹಾಗೇ ಬಿಡಬಹುದಾ?

ಬೆಸುಗೆ_ಮೈಸೂರು

ಬಿಡಬೇಡಿ. ಅದು ಪಿಕ್ಸೆಲ್ ಸತ್ತದ್ದಲ್ಲ, ಒಳಗಿನ ಗಾಜು ಬಿರುಕು ಬಿಟ್ಟಿದೆ. ಬೆಳೆಯುತ್ತಲೇ ಹೋಗುತ್ತದೆ. ಅದಕ್ಕೆ ಪ್ಯಾನೆಲ್ ಬದಲಾಯಿಸುವುದೊಂದೇ ದಾರಿ, ವಾರಂಟಿಯಲ್ಲೂ ಸಾಮಾನ್ಯವಾಗಿ ಬರುವುದಿಲ್ಲ, ಅಪಘಾತದ ವಿಮೆ ಮಾಡಿಸಿದ್ದರೆ ಬರುತ್ತದೆ. ಪರದೆ ಇನ್ನೂ ಕಾಣುತ್ತಿರುವಾಗಲೇ ಪ್ರಾಜೆಕ್ಟ್ ಫೈಲುಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಲು ಹೇಳಿ. ಲ್ಯಾಪ್‌ಟಾಪ್‌ನ ಮುಚ್ಚಳ ಒಂದೇ ಮೂಲೆ ಹಿಡಿದು ತೆರೆಯದೆ, ನಡುವೆ ಹಿಡಿದು ತೆರೆಯಲಿ. ಆಮೇಲೆ ಪರದೆಯ ಮತ್ತು ಕೆಳಭಾಗದ ಸ್ಟಿಕ್ಕರ್‌ನ ಫೋಟೋ ಇಲ್ಲಿ ಹಾಕಿ. ಯಾವ ಥರದ ಪ್ಯಾನೆಲ್ ಇರಬಹುದು, ಸುಮಾರು ಎಷ್ಟಾಗುತ್ತದೆ ಅಂತ ನೋಡಿ ಹೇಳುತ್ತೇನೆ.